ಲಕ್ಕಿ ಹೇಳಿದ ಸಾಕ್ಷಿ

ಲಕ್ಕಿಯ ಎದುರು ನೀವು ಯಾರನ್ನು ಬೇಕಾದರೂ ಬಯ್ಯಬಹುದಿತ್ತು. ಪಂಚಾಯ್ತಿಯವರನ್ನು ಬಯ್ಯಿರಿ, ಅವಳ ಮಗನನ್ನು ಬಯ್ಯಿರಿ, ಬೇಕಿದ್ದರೆ ಅವಳನ್ನೇ ಬಯ್ಯಿರಿ. ಕೇಳಿಸಿಕೊಂಡು, ಸೆರಗಿನಲ್ಲಿ ಮುಖ ಒರೆಸಿ, "ಹೌದು ಮಾರಾಯ್ತಿ, ಎಂತ ಮಾಡೂದು" ಅಂದು ಸುಮ್ಮನಾಗುತ್ತಿದ್ದಳು. ಸಭೆಯ ಸುದ್ದಿ ಮಾತ್ರ ಎತ್ತುವ ಹಾಗಿರಲಿಲ್ಲ. ಕುಮಟೆಯ ಹೊರಗೆ, ಹೆದ್ದಾರಿಯಿಂದ ಒಳಗೆ ಹೋಗುವ ಮಣ್ಣುದಾರಿಯಲ್ಲಿ ಒಂದು ಶೀಟಿನ ಪ್ರಾರ್ಥನಾ ಮಂದಿರವಿದೆ. ಭಾನುವಾರ ಅಲ್ಲಿ ಕೂಡುವವರು ನಲವತ್ತು ಚಿಲ್ಲರೆ ಜನ. ಅದಕ್ಕೆ ಅವರು ಸಭೆ ಅನ್ನುತ್ತಾರೆ. ಆ ಸಭೆಯ ಮೇಲೆ, ಅದರ ಪಾಸ್ಟರ್ ನಾಗರಾಜನ ಮೇಲೆ ಯಾರಾದರೂ ಅರ್ಧ ಮಾತು ಆಡಿದರೆ ಸಾಕು, ಈ ಅರವತ್ತರ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿಯುತ್ತಿದ್ದಳು.

"ಎಂತ ಕೊಟ್ಟು ಸೇರಿಸ್ಕೊಂಡ್ರು ನಿನ್ನ ಅವರು?" ಅಂತ ಅವಳ ಊರಾದ ಬಾಡದ ಹೆಂಗಸರು ಎಷ್ಟು ಸಲ ಕೇಳಿದ್ದಾರೋ.

"ಒಂದು ಕುರ್ಚಿ ಕೊಟ್ರು. ಕೂತ್ಕೊಂಡೆ. ಅಷ್ಟೆ," ಅನ್ನುತ್ತಿದ್ದಳು ಲಕ್ಕಿ.

ಸುಳ್ಳಲ್ಲ ಅದು. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಗಂಡ ದುರ್ಗ ದಿನಾ ಕುಡಿದು ದಾರಿ ಬದಿಯಲ್ಲಿ ಬೀಳುತ್ತಿದ್ದ ಕಾಲದಲ್ಲಿ ಅವಳ ಅಣ್ಣ ತಮ್ಮಂದಿರೇ ಅವಳನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಆಗ ಬಂದವನು ನಾಗರಾಜ. ಬಂದು ಜಗಲಿಯಲ್ಲಿ ಕೂತ, ಅವಳು ಕೊಟ್ಟ ಗಂಜಿ ಉಂಡ, ಮರುದಿನವೂ ಬಂದ. ಮೂರು ತಿಂಗಳು ಬಿಡದೆ ಬಂದ. ದುರ್ಗ ಕುಡಿತ ಬಿಟ್ಟ. ಹೆಬ್ಬೆಟ್ಟು ಒತ್ತುತ್ತಿದ್ದ ಲಕ್ಕಿಗೆ ಪಾಸ್ಟರನ ಹೆಂಡತಿ ಗಾಯತ್ರಿ ನಲವತ್ತನೆಯ ವಯಸ್ಸಿನಲ್ಲಿ ಅಕ್ಷರ ಕಲಿಸಿದಳು. ಬೆರಳಿಟ್ಟು ಓದುತ್ತಾ ಓದುತ್ತಾ ಅವಳು ಬೈಬಲಿನ ಇಡೀ ಕೀರ್ತನೆಗಳ ಪುಸ್ತಕ ಮುಗಿಸಿದಳು. ಇಷ್ಟು ಕೊಟ್ಟವರ ಮೇಲೆ ಯಾರಾದರೂ ಕೆಸರೆರಚಿದರೆ ಸುಮ್ಮನಿರು ಅಂದರೆ ಹೇಗೆ ಇರುತ್ತಾಳೆ?

ಊರವರು ಎರಚಿದ್ದಾದರೆ ತೊಳೆದುಕೊಳ್ಳುತ್ತಿದ್ದಳು. ಎರಚಿದ್ದು ಅವಳ ಹೊಟ್ಟೆಯ ಮಗಳು.

ಮಗಳು ಜಯಶ್ರೀ ಹೊನ್ನಾವರದಲ್ಲಿ ಗಂಡನ ಮನೆಯಲ್ಲಿದ್ದು ಅಲ್ಲೇ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಸಭೆಯಲ್ಲಿ ಹಾಡು ಎತ್ತಿ ಕೊಡುತ್ತಿದ್ದವಳು ಅವಳೇ. ಅದೇ ಸಭೆಯ ಚೌಡಮ್ಮ ಅನ್ನುವ ಸಕ್ಕರೆ ಕಾಯಿಲೆಯ ಹೆಂಗಸು ತಿಂಗಳು ತಿಂಗಳು ಜಯಶ್ರೀಯ ಅಂಗಡಿಯಿಂದ ಗುಳಿಗೆ ಒಯ್ಯುತ್ತಿದ್ದಳು. ಒಂದು ಭಾನುವಾರ ಚೌಡಮ್ಮ ಎದ್ದು ನಿಂತು, ದೇವರು ನನ್ನ ಸಕ್ಕರೆ ಕಾಯಿಲೆ ತೆಗೆದ ಅಂತ ಸಾಕ್ಷಿ ಹೇಳಿದಳು. ಎಲ್ಲರೂ ಸ್ತೋತ್ರ ಹೇಳಿದರು. ಆಮೇಲೆ ಅವಳು ಅಂಗಡಿಗೆ ಬರಲಿಲ್ಲ. ಐದು ತಿಂಗಳಿಗೆ ಕಾಲು ಕೊಳೆತು ಸತ್ತಳು. ಜಯಶ್ರೀ ಸಭೆಯ ವಾಟ್ಸಾಪ್ ಗ್ರೂಪಿಗೆ ಒಂದು ಧ್ವನಿ ಸಂದೇಶ ಹಾಕಿ ಹೊರಬಿದ್ದಳು. "ಇಲ್ಲಿ ಯಾರೂ ಔಷಧಿ ಬಿಡು ಅಂತ ಬಾಯಿಬಿಟ್ಟು ಹೇಳೂದಿಲ್ಲ. ಸಾಕ್ಷಿ ಹೇಳಿಸ್ತರೆ, ಚಪ್ಪಾಳೆ ತಟ್ತರೆ. ಆಮೇಲೆ ಆ ಜನ ಯಾವ ಮುಖ ಹೊತ್ತು ಗುಳಿಗೆ ನುಂಗೂದು?"

ಇದಾಗಿ ಎರಡು ವರ್ಷ. ಲಕ್ಕಿ ಆ ದಿನ ಸೊಸೆ ಸುಪ್ರಿಯಾಳ ಹತ್ತಿರ ಫೋನಿನ ಗುಂಡಿ ಒತ್ತಿಸಿಕೊಂಡು ಅದೇ ಗ್ರೂಪಿಗೆ, "ನನ್ನ ಮಗಳು ಹೇಳಿದ್ದು ಸುಳ್ಳು. ಪಾಸ್ಟರ್ ಅಯ್ಯ ಅಂಥವರಲ್ಲ" ಅಂತ ಉತ್ತರ ಕೊಟ್ಟಿದ್ದಳು. ಕೊಟ್ಟು ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದಳು.

ಮಗಳು ಮನೆಗೆ ಬರುವುದನ್ನು ಬಿಡಲಿಲ್ಲ, ಅದೊಂದು ಪುಣ್ಯ. ಅದರಲ್ಲೂ ಈ ಮಳೆಗಾಲದ ಕೊನೆಯಲ್ಲಿ ದುರ್ಗ ಗದ್ದೆಯ ಬದುವಿಗೆ ಎರಡು ಸಲ ಎಡವಿ ಬಿದ್ದ ಮೇಲೆ, ಅವನನ್ನು ಡಾಕ್ಟರಿಗೆ ತೋರಿಸಿದ್ದೇ ಅವಳು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆ ಅಂದರು ಡಾಕ್ಟರು. ಹೋದ ದೃಷ್ಟಿ ಹೋಯಿತು, ಇದ್ದದ್ದನ್ನು ಉಳಿಸಿಕೊಳ್ಳಬಹುದು. ದಿನಾ ಸಂಜೆ ಎರಡೂ ಕಣ್ಣಿಗೆ ಒಂದೊಂದು ಹನಿ, ಬದುಕಿರುವವರೆಗೂ. ತಿಂಗಳಿಗೊಂದು ಬಾಟ್ಲಿ. ಎರಡನೇ ಶನಿವಾರ ಜಯಶ್ರೀ ಹೊಸ ಬಾಟ್ಲಿ ಹಿಡಿದು ಬರುತ್ತಿದ್ದಳು, ಹಳೆಯದನ್ನು ಅಲ್ಲಾಡಿಸಿ ನೋಡುತ್ತಿದ್ದಳು.

"ಅಪ್ಪ, ಒಂದು ದಿನವೂ ತಪ್ಪಿಸ್ಬೇಡ. ನೋವು ಬರೂದಿಲ್ಲ ಇದರಲ್ಲಿ. ಅದೇ ಮೋಸ."

"ನಿನ್ನ ಅಮ್ಮ ಬಿಟ್ರಲ್ಲವ ತಪ್ಪೂದು," ಅಂತ ದುರ್ಗ ನಗುತ್ತಿದ್ದ. ಕುಡಿತ ಬಿಟ್ಟಂದಿನಿಂದ ಅವನು ತನ್ನನ್ನು ಪೂರ್ತಿಯಾಗಿ ಹೆಂಡತಿಯ ಕೈಗೆ ಕೊಟ್ಟುಬಿಟ್ಟಿದ್ದ. ಅವಳು ಹೇಳಿದಾಗ ಉಣ್ಣುವುದು, ಅವಳು ಹೇಳಿದಾಗ ಹೊರಡುವುದು.

ಡಿಸೆಂಬರದ ಮೊದಲ ಭಾನುವಾರ ನಡೆದದ್ದು ಇಷ್ಟು. ಭಟ್ಕಳದ ಕಡೆಯಿಂದ ತಿಮ್ಮಪ್ಪ ಅನ್ನುವ ಹೊಸಬ ಸಭೆಗೆ ಬರಲು ಶುರುಮಾಡಿದ್ದ. ಪ್ರಾರ್ಥನೆ ಮುಗಿದ ಮೇಲೆ ಅವನು ಎದ್ದು ನಿಂತು ಫೋನು ಎತ್ತಿ ತೋರಿಸಿದ. "ಅಯ್ಯ, ತಪ್ಪು ತಿಳೀಬೇಡಿ. ಇದೊಂದು ಹೆಂಗಸಿನ ಧ್ವನಿ ಈಗ ನಮ್ಮ ಊರಲ್ಲೆಲ್ಲ ತಿರುಗ್ತದೆ. ನನ್ನ ಮನೆಯವರು ದಿನಾ ಇದನ್ನೇ ಹಾಕಿ ಕೇಳಿಸ್ತರೆ. ಇದಕ್ಕೆ ನಾನು ಎಂತ ಉತ್ತರ ಕೊಡೂದು?"

ಪಾಸ್ಟರ್ ನಾಗರಾಜ ಕೆಮ್ಮಿದ. ಪುಸ್ತಕ ಮುಚ್ಚಿದ, ತೆರೆದ. ಹೆಂಗಸರ ಸಾಲಿನಲ್ಲಿ ಯಾರೂ ಲಕ್ಕಿಯ ಕಡೆ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ನೋಡದೆ ಇದ್ದದ್ದೇ ಅವಳನ್ನು ಸುಟ್ಟಿತು. ಎದ್ದು ನಿಂತಳು.

"ಉತ್ತರ ನಾನು ಕೊಡ್ತೆ. ಅದು ನನ್ನ ಮಗಳು. ನನ್ನ ಮನೆಯವರಿಗೆ ಕಣ್ಣು ಹೋಗ್ತದೆ ಅಂತ ಡಾಕ್ಟ್ರು ಹೇಳಿದ್ರು. ಈ ಸಭೆ ಮೂರು ಶುಕ್ರವಾರ ಉಪವಾಸ ಕೂತು ಪ್ರಾರ್ಥನೆ ಮಾಡ್ತು. ಇವತ್ತು ಬೆಳಿಗ್ಗೆ ಇವರು ಆ ಗೋಡೆ ಮೇಲಿನ ವಾಕ್ಯ ತಾವೇ ಓದಿದ್ರು. ದೇವರು ಇವರ ಕಣ್ಣು ವಾಸಿ ಮಾಡಿದ. ನನ್ನ ಮಗಳ ಮಾತಿಗೆ ನನ್ನ ಗಂಡನೇ ಉತ್ತರ."

ಗೋಡೆಯ ವಾಕ್ಯ ದುರ್ಗನಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇರುವ ಅಕ್ಷರ ಅದು. ಆದರೆ ಬೆಳಿಗ್ಗೆ ಅವನು "ಇವತ್ತು ಅಕ್ಷರ ಚೊಕ್ಕ ಕಾಣ್ತದೆ" ಅಂದದ್ದು ಹೌದು. ಸಭೆ ಎದ್ದು ನಿಂತಿತು. ಸ್ತೋತ್ರ, ಚಪ್ಪಾಳೆ. ಯಾರೋ ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ಅದು ಭಟ್ಕಳ ಮುಟ್ಟಿತು. ಹೊರಗೆ ಚಹಾ ಕುಡಿಯುವಾಗ ಪಾಸ್ಟರ್ ಹತ್ತಿರ ಬಂದು, ದನಿ ತಗ್ಗಿಸಿ, "ಲಕ್ಕಮ್ಮ, ಡಾಕ್ಟ್ರ ಔಷಧಿ ಇದೆಯಲ್ಲ, ಅದನ್ನೂ ಒಂದು ನೋಡ್ಕೊಳ್ಳಿ" ಅಂದ.

"ಆತು ಅಯ್ಯ," ಅಂದಳು ಲಕ್ಕಿ. ಅಷ್ಟರಲ್ಲಿ ತಿಮ್ಮಪ್ಪ ಬಂದು ದುರ್ಗನ ಎರಡೂ ಕೈ ಹಿಡಿದುಕೊಂಡ.

ಆ ದಿನ ಸಂಜೆ ಸಭೆಯ ನಾಲ್ಕು ಹೆಂಗಸರು ಬಾಳೆಹಣ್ಣಿನ ಚಿಪ್ಪು ಹಿಡಿದು ಮನೆಗೆ ಬಂದರು. ಅವರು ಅಂಗಳದಲ್ಲಿ ಕಾಲು ತೊಳೆಯುವುದರೊಳಗೆ ಲಕ್ಕಿ ಗೂಡಿನಲ್ಲಿದ್ದ ಬಾಟ್ಲಿ ತೆಗೆದು ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಅವರು ಹೋದ ಮೇಲೆ ದುರ್ಗ ಎಂದಿನಂತೆ ಜಗಲಿಯಲ್ಲಿ ತಲೆ ಹಿಂದಕ್ಕೆ ಮಾಡಿ ಕೂತ.

"ಹಾಕೂದಿಲ್ವ?"

ಲಕ್ಕಿ ಬಾಟ್ಲಿ ಹಿಡಿದು ನಿಂತಿದ್ದಳು. ನಲವತ್ತು ಜನರ ಎದುರು, ಗಂಡಸರ ಎದುರು, ದೇವರ ಎದುರು ವಾಸಿಯಾಯಿತು ಅಂದು ಬಂದಿದ್ದಾಳೆ. ಈಗ ಹನಿ ಹಾಕಿದರೆ ತಾನು ಹೇಳಿದ್ದು ಸುಳ್ಳು, ಮಗಳು ಹೇಳಿದ್ದು ಸತ್ಯ. ಅವಳಿಗೆ ಹೆದರಿಕೆಯಾಯಿತು. ದೇವರು ಕೋಪಿಸಿಕೊಂಡು ಕೊಟ್ಟದ್ದನ್ನು ಹಿಂದೆ ತೆಗೆದುಕೊಂಡರೆ ಅನ್ನುವ ಹೆದರಿಕೆ ಒಂದು. ಜಯಶ್ರೀ ಗೆದ್ದುಬಿಟ್ಟರೆ ಅನ್ನುವುದು ಅದಕ್ಕಿಂತ ದೊಡ್ಡದು.

"ಇನ್ನು ಬೇಡ. ವಾಸಿ ಆಗಿದೆಯಲ್ಲ."

ದುರ್ಗ ತಲೆ ನೆಟ್ಟಗೆ ಮಾಡಿದ. "ನೀ ಹೇಳಿದ ಹಾಗೆ," ಅಂದ.

ಬಾಟ್ಲಿ ತುಂಬಿಯೇ ಉಳಿದರೆ ಎರಡನೇ ಶನಿವಾರ ಮಗಳು ಬಿಡುವವಳಲ್ಲ. ಹಾಗಾಗಿ ಲಕ್ಕಿ ದಿನಾ ಸಂಜೆ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹೋಗಿ ಎರಡು ಹನಿ ಹಿಂಡಿ ನೀರು ಹೊಯ್ದು ಬರುತ್ತಿದ್ದಳು. ಲೆಕ್ಕ ತಪ್ಪಬಾರದಲ್ಲ! ಒಂದು ದಿನವೂ ತಪ್ಪಿಸಲಿಲ್ಲ. ಗಂಡನ ಕಣ್ಣಿಗೆ ಹಾಕುವಾಗಲಾದರೂ ಒಂದೆರಡು ಸಂಜೆ ಮರೆತಿದ್ದಳು, ಕಲ್ಲಿಗೆ ಹಾಕುವುದನ್ನು ಮರೆಯಲಿಲ್ಲ.

ಸುಪ್ರಿಯಾ ನೋಡಿದ್ದು ಸಂಕ್ರಾಂತಿ ಕಳೆದ ವಾರ. ಬಂಗುಡೆ ತೊಳೆಯಲು ಬುಟ್ಟಿ ಹಿಡಿದು ಹಿತ್ತಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಅತ್ತೆ, ಅದು ಮಾವನ ಔಷಧಿ ಅಲ್ದ?"

"ನೀ ಮೀನು ತೊಳಿ. ಬೆಕ್ಕು ಬಂತು ನೋಡು."

"ಬೆಕ್ಕು ಇರ್ಲಿ. ಮಾವನಿಗೆ ಹಾಕೂದು ಬಿಟ್ಟು ಕಲ್ಲಿಗೆ ಯಾಕೆ ಹಾಕ್ತ್ರಿ?"

"ಅವರಿಗೆ ವಾಸಿ ಆಗಿದೆ. ನೀನೂ ಅಲ್ಲೇ ಕೂತು ಚಪ್ಪಾಳೆ ಹೊಡ್ದಿದ್ಯಲ್ಲ. ಈಗ ಎಂತ ಕೇಳ್ತೆ?"

ಸುಪ್ರಿಯಾ ಬುಟ್ಟಿ ಇಳಿಸಿ ಮೀನು ತೊಳೆಯಲು ಕೂತಳು. ಹೊಡೆದದ್ದು ಹೌದು. ರಾತ್ರಿ ಗಂಡನ ಕಿವಿಗೆ ಹಾಕಿದಳು. ವಿನೋದ ಗಾರೆ ಕೆಲಸದವ. ದಿನವಿಡೀ ಸಿಮೆಂಟು ಕಲಸಿ ಬಂದವನಿಗೆ ತಾಯಿ ಹೆಂಡತಿಯ ನಡುವೆ ಕೈ ಹಾಕುವುದೆಂದರೆ ಜ್ವರ ಬಂದ ಹಾಗೆ. "ಅಪ್ಪ ಕಾಣ್ತದೆ ಅಂತಾನಲ್ಲ. ಅವನಿಗೇ ತ್ರಾಸಿಲ್ಲ, ನಿನಗೆಂತ ತ್ರಾಸು?" ಅಂದು ಹೊದ್ದುಕೊಂಡ.

ಹೌದು, ದುರ್ಗ ಕಾಣುತ್ತದೆ ಅನ್ನುತ್ತಿದ್ದ. ಕೇಳಿದವರಿಗೆಲ್ಲ ಅನ್ನುತ್ತಿದ್ದ. ಅವರದು ಗೇಣಿಗೆ ಹಿಡಿದ ಈರುಳ್ಳಿ ಗದ್ದೆ. ಕುಮಟೆಯ ಸಿಹಿ ಈರುಳ್ಳಿ ನಿಮಗೆ ಗೊತ್ತಿರಬೇಕು, ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತುಹಾಕಿರುತ್ತಾರೆ. ಫೆಬ್ರವರಿಯಲ್ಲಿ ಕಳೆ ತೆಗೆಯುವಾಗ ದುರ್ಗ ಒಂದು ಇಡೀ ಸಾಲು ಈರುಳ್ಳಿ ಸಸಿಯನ್ನೇ ಕಿತ್ತು ಬದುವಿನ ಮೇಲೆ ಹಾಕಿದ್ದ. ಲಕ್ಕಿ ನೋಡಿದಳು. "ಎಂತ ಮಾಡಿದ್ರಿ ಇದು?" ಅಂದಳು.

"ಹುಳ ಬಿದ್ದಿತ್ತು," ಅಂದ ದುರ್ಗ.

ಲಕ್ಕಿ ಒಂದು ಸಸಿ ಎತ್ತಿ ಮಣ್ಣು ಕೊಡವಿದಳು. ಹುಳ ಇರಲಿಲ್ಲ. ಮತ್ತೆ ಕೂತು ಕಳೆ ಕೀಳತೊಡಗಿದಳು. ನೋಡಿ, ಆ ದಿನ ಅವಳು ಬಾಯಿ ಬಿಡಬಹುದಿತ್ತು. ಗಂಡ ಸುಳ್ಳು ಹೇಳುತ್ತಿದ್ದಾನೆ ಅಂತ ಗೊತ್ತಾಗಿತ್ತು, ಯಾಕೆ ಹೇಳುತ್ತಿದ್ದಾನೆ ಅಂತಲೂ ಗೊತ್ತಾಗಿತ್ತು. ಅವಳ ಸಾಕ್ಷಿ ಸುಳ್ಳಾಗದಿರಲಿ ಅಂತ ಅವನು ಕಾಣುತ್ತೇನೆ ಅನ್ನುತ್ತಿದ್ದ. ಅವನು ಕಾಣುತ್ತೇನೆ ಅಂದ ಮೇಲೆ ಔಷಧಿ ಯಾಕೆ ಅಂತ ಅವಳು ಅನ್ನುತ್ತಿದ್ದಳು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಮಾರ್ಚ್ ಬಂತು.

ಮಾರ್ಚದ ಎರಡನೇ ಶನಿವಾರ ಜಯಶ್ರೀ ಬಂದಳು. ಸುಪ್ರಿಯಾ ಊಟ ಬಡಿಸಿದಳು. ಕುಚ್ಚಲಕ್ಕಿ ಅನ್ನ, ತಾರ್ಲೆ ಮೀನಿನ ಸಾರು, ಬಸಳೆ.

"ಸಭೆ ಹೇಗಿದೆ ಅಮ್ಮ?" ಜಯಶ್ರೀ ಕೇಳಿದಳು. ಸುಮ್ಮನೆ ಕೇಳಿದ್ದಲ್ಲ ಅಂತ ಎಲ್ಲರಿಗೂ ಗೊತ್ತು.

"ಚೆನ್ನಾಗಿದೆ. ನೀನಿಲ್ಲದೆ ಏನೂ ಕೊರತೆ ಆಗ್ಲಿಲ್ಲ."

"ಅಪ್ಪನ ವೀಡಿಯೋ ನನ್ನ ಅಂಗಡಿಗೂ ಬಂತು. ಗಿರಾಕಿ ಒಬ್ಬಳು ತೋರಿಸಿದ್ಲು. ದೇವರು ವಾಸಿ ಮಾಡಿದ ಅಂತ ಹೇಳಿದ್ಯಂತೆ."

"ಹೇಳಿದೆ. ಸುಳ್ಳ?"

"ಸುಳ್ಳೋ ಸತ್ಯವೋ, ಔಷಧಿ ಹಾಕ್ತಾ ಇದ್ದೆಯಲ್ಲ, ಅಷ್ಟು ಸಾಕು ನನಗೆ. ನಾಲ್ಕು ತಿಂಗಳಿಂದ ಬಾಟ್ಲಿ ಸರಿಯಾಗಿ ಮುಗೀತದೆ. ಅಪ್ಪನಿಗಾಗಿ ಅಷ್ಟಾದ್ರೂ ಮಾಡ್ತೆಯಲ್ಲ. ನಾನು ಮತ್ತೆ ಸಭೆ ಸುದ್ದಿ ಎತ್ತೂದಿಲ್ಲ."

ಸುಪ್ರಿಯಾಳ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಅತ್ತೆಯ ಮುಖ ನೋಡಿದಳು. ಲಕ್ಕಿ ಅನ್ನ ಕಲಸುತ್ತಿದ್ದಳು. ದುರ್ಗ ಮಜ್ಜಿಗೆ ಲೋಟಕ್ಕೆ ಕೈ ಚಾಚಿದ. ಲೋಟ ಅವನ ಎಡಕ್ಕಿತ್ತು, ಕೈ ಬಲಕ್ಕೆ ಹೋಗಿ ಸಾರಿನ ಬಟ್ಟಲನ್ನು ಉರುಳಿಸಿತು. ಬಿಸಿ ಸಾರು ಅವನ ಕಾಲ ಮೇಲೆ ಹೋಯಿತು.

"ಅಪ್ಪ, ಇತ್ತ ನೋಡು." ಜಯಶ್ರೀ ಎಂಜಲು ಕೈಯಲ್ಲೇ ಅವನ ಎದುರು ಬಂದು ಕೂತಳು. "ನನ್ನ ಕೈ ಕಾಣ್ತದಾ? ಎಷ್ಟು ಬೆರಳು?"

"ಐದು," ಅಂದ ದುರ್ಗ.

ಅವಳು ಎತ್ತಿದ್ದು ಎರಡು.

ಮರುದಿನ ಭಾನುವಾರ. ಸಭೆಗೆ ಹೋಗಬೇಕು ಅಂದಳು ಲಕ್ಕಿ. ಯಾರೂ ಹೊರಡಲಿಲ್ಲ. ಸೋಮವಾರ ಮಗಳು, ಮಗ, ತಾಯಿ, ತಂದೆ ನಾಲ್ವರೂ ಅದೇ ಡಾಕ್ಟರ ಎದುರು ಕೂತರು. ಡಾಕ್ಟರು ಬಹಳ ಹೊತ್ತು ನೋಡಿದರು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಬೆಳಕು ಕತ್ತಲೆ ಅಷ್ಟೆ ತಿಳಿಯುತ್ತದೆ ಅಂದರು. "ಔಷಧಿ ದಿನಾ ಹಾಕ್ತಾ ಇದ್ರಾ?"

"ಹಾಕ್ತಿದ್ಲು. ಒಂದು ದಿನವೂ ಬಿಡ್ಲಿಲ್ಲ," ಅಂದ ದುರ್ಗ.

"ಹಾಗಾದ್ರೆ ಔಷಧಿ ಇವರಿಗೆ ಹಿಡೀಲಿಲ್ಲ. ಕೆಲವರಿಗೆ ಹಾಗಾಗ್ತದೆ," ಅಂದರು ಡಾಕ್ಟರು. ಜಯಶ್ರೀಗೆ ಕಣ್ಣೀರು ಬಂತು. "ನಾನೇ ಬೇರೆ ಔಷಧಿ ಕೇಳ್ಬೇಕಿತ್ತು. ಎರಡು ತಿಂಗಳಿಗೊಮ್ಮೆ ಕರ್ಕೊಂಡು ಬನ್ನಿ ಅಂದಿದ್ರು, ನಾನು ಉದಾಸೀನ ಮಾಡ್ದೆ. ನನ್ನದೇ ತಪ್ಪು ಅಮ್ಮ," ಅಂದು ತಾಯಿಯ ಭುಜಕ್ಕೆ ಹಣೆ ಒತ್ತಿದಳು.

ಅಷ್ಟು ಸುಲಭದಲ್ಲಿ ಕಳೆದುಹೋಗುತ್ತಿತ್ತು. ಗಂಡ ಅವಳ ಮಾನ ಕಾಪಾಡಿದ್ದ, ಡಾಕ್ಟರು ಒಪ್ಪಿದ್ದರು, ಮಗಳು ತಪ್ಪನ್ನು ತಾನೇ ಹೊತ್ತುಕೊಂಡಿದ್ದಳು. ಲಕ್ಕಿ ಸುಮ್ಮನಿದ್ದಿದ್ದರೆ ಸಭೆಯ ಮೈಮೇಲೆ ಒಂದು ಹನಿ ಕೆಸರೂ ಬೀಳುತ್ತಿರಲಿಲ್ಲ. ಆದರೆ ಹೆತ್ತ ಮಗಳು ಭುಜದ ಮೇಲೆ ಅಳುವಾಗ ಅವಳಿಂದ ಆಗಲಿಲ್ಲ.

"ನಾನು ಹಾಕ್ಲಿಲ್ಲ," ಅಂದಳು. "ಡಿಸೆಂಬರದಿಂದ ಹಾಕ್ಲಿಲ್ಲ. ಚೆಲ್ತಿದ್ದೆ."

ಜಯಶ್ರೀ ಹಣೆ ತೆಗೆದಳು. ಕೂಗಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು, "ಬಿಡು ಅಂತ ಹೇಳಿದ್ದು ಯಾರು? ಒಂದು ಹೆಸರು ಹೇಳು ಅಮ್ಮ. ಸಾಕು."

"ಯಾರೂ ಹೇಳ್ಲಿಲ್ಲ."

"ಇನ್ನೂ ಅವರನ್ನೇ ಕಾಯ್ತೀಯ?"

"ಯಾರೂ ಹೇಳ್ಲಿಲ್ಲ ಮಗಾ. ಅಯ್ಯ ಔಷಧಿ ನೋಡ್ಕೊಳ್ಳಿ ಅಂತ್ಲೇ ಹೇಳಿದ್ರು. ನಾನೇ ಬಿಟ್ಟೆ. ನೀ ಅಷ್ಟು ಜನರ ಬಾಯಿಗೆ ಹಾಕಿದ್ಯಲ್ಲ ಸಭೆಯ ಸುದ್ದಿ, ಅದು ಸುಳ್ಳು ಅಂತ ತೋರಿಸ್ಬೇಕಿತ್ತು ನನಗೆ."

ಜಯಶ್ರೀ ಎದುರಿನ ಹಣ್ಣಿನ ಅಂಗಡಿಯ ಕಡೆ ಮುಖ ತಿರುಗಿಸಿದಳು. "ಹಾಗಾದ್ರೆ ನಾನು ಬಾಯಿ ಬಿಡದೆ ಇದ್ದಿದ್ರೆ ಅಪ್ಪನ ಕಣ್ಣು ಉಳೀತಿತ್ತು," ಅಂದಳು. ಪಕ್ಕದಲ್ಲಿ ದುರ್ಗ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. "ಬಿಡ್ರೆ ಇಬ್ಬರೂ. ನನಗೇನು ಓದೂದಿದೆಯ ಬರೆಯೂದಿದೆಯ," ಅಂದ.

ವಿನೋದನಿಗೆ ತಡೆಯಲಿಲ್ಲ. ಎರಡು ತಿಂಗಳು ಹೊದ್ದು ಮಲಗಿದವನಿಗೆ ಈಗ ರೋಷ ಬಂತು. ಅಂದೇ ಸಂಜೆ ಬೈಕು ಹತ್ತಿ ಮಂದಿರದ ಗೇಟಿಗೆ ಹೋಗಿ, "ನನ್ನಪ್ಪನ ಕಣ್ಣು ತೆಗೆದ್ರಿ ನೀವು" ಅಂತ ಬೊಬ್ಬೆ ಹೊಡೆದ. ದಾರಿಹೋಕರು ನಿಂತರು. ಬೈಕುಗಳು ನಿಂತವು. ಯಾರೋ ಫೋನು ತೆಗೆದರು. ಇಂಥ ಒಂದು ಶೀಟಿನ ಮಂದಿರದ ಎದುರು ಜನ ಗುಂಪು ಕೂಡಿದರೆ ಈಗಿನ ಕಾಲದಲ್ಲಿ ಎಂತಾಗುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಾಸ್ಟರ್ ನಾಗರಾಜ ಒಳಗಿನಿಂದ ಬಾಗಿಲು ಹಾಕಿಕೊಂಡ. ಅವನ ಹೆಂಡತಿ ಅಳುತ್ತಾ ಲಕ್ಕಿಗೆ ಫೋನು ಮಾಡಿದಳು.

"ಲಕ್ಕಮ್ಮ, ನಾವು ನಿಮಗೆ ಎಂತ ಕೆಟ್ಟದ್ದು ಮಾಡಿದ್ವಿ?"

"ಏನೂ ಮಾಡ್ಲಿಲ್ಲ ಅಮ್ಮಾ. ಏನೂ ಮಾಡ್ಲಿಲ್ಲ," ಅಂದಳು ಲಕ್ಕಿ. ಮಗ ಮನೆಗೆ ಬಂದ ಮೇಲೆ ಅವನಿಗೆ ಅನ್ನ ಹಾಕಲಿಲ್ಲ. ಸುಪ್ರಿಯಾ ಹಾಕಿದಳು.

"ಕಣ್ಣು ಹೋದದ್ದು ಮಾವಂದು. ನೀವು ಮರುಗೂದು ಸಭೆಯವರಿಗೆ," ಅಂದಳು ಸುಪ್ರಿಯಾ, ತಟ್ಟೆ ಕುಕ್ಕಿ.

"ನೀ ಮಾತಾಡ್ಬೇಡ. ನೀ ಸಂಕ್ರಾಂತಿಗೇ ನೋಡಿದ್ದೆ. ಜಯಶ್ರೀಗೆ ಒಂದು ಫೋನು ಮಾಡೂಕೆ ಆಗ್ಲಿಲ್ವ ನಿನಗೆ?"

"ಮಾಡಿದ್ರೆ ಈ ಮನೆಯಲ್ಲಿ ಇರೂಕೆ ಬಿಡ್ತಿದ್ರ ನೀವು?"

ಬಿಡುತ್ತಿರಲಿಲ್ಲ ಅಂತ ಲಕ್ಕಿಗೇ ಗೊತ್ತಿತ್ತು. ಆ ರಾತ್ರಿ ಅವಳೂ ಉಣ್ಣಲಿಲ್ಲ.

ಮುಂದಿನ ಭಾನುವಾರ ಅವಳು ಗಂಡನ ಕೈ ಹಿಡಿದು ಸಭೆಗೆ ಹೋದಳು. ಪ್ರಾರ್ಥನೆಯ ಮೊದಲೇ ಪಾಸ್ಟರ್ ಎದ್ದು ನಿಂತ. ಮುಖ ಸಣ್ಣದಾಗಿತ್ತು, ನಿದ್ದೆಯಿಲ್ಲದವನ ಹಾಗೆ ಕಾಣುತ್ತಿದ್ದ. ಕೈಯಲ್ಲಿ ಬರೆದುಕೊಂಡ ಹಾಳೆ ಇತ್ತು. "ನಮ್ಮ ಸಭೆಯಲ್ಲಿ ಔಷಧಿ ಬಿಡಿ ಅಂತ ಯಾರಿಗೂ ಕಲಿಸಿಲ್ಲ. ಸಹೋದರಿ ಲಕ್ಕಮ್ಮ ಮಾಡಿದ್ದು ತಿಳುವಳಿಕೆ ಸಾಲದೆ, ಅವರ ಸ್ವಂತ ತೀರ್ಮಾನದಿಂದ. ಲಕ್ಕಮ್ಮ, ನೀವೇ ಹೇಳಿ. ಆ ದಿನ ಚಹಾ ಕುಡಿಯುವಾಗ ಔಷಧಿ ನೋಡ್ಕೊಳ್ಳಿ ಅಂತ ನಾನು ಹೇಳಿದ್ದೆನೋ ಇಲ್ಲವೋ?"

ಡಿಸೆಂಬರದಲ್ಲಿ ಹಿಡಿದವರೇ ಈಗಲೂ ಫೋನು ಎತ್ತಿ ಹಿಡಿದಿದ್ದರು.

"ಹೇಳಿದ್ರಿ ಅಯ್ಯ," ಅಂದಳು ಲಕ್ಕಿ.

"ಸ್ವಲ್ಪ ಗಟ್ಟಿಯಾಗಿ ಹೇಳಿ ಅಮ್ಮಾ," ಅಂದ ಫೋನು ಹಿಡಿದವನು.

"ಅಯ್ಯ ಹೇಳಿದ್ರು. ನಾನೇ ಬಿಟ್ಟದ್ದು. ಸಭೆಯದ್ದು ತಪ್ಪಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೂತ ಮೇಲೆ ಪಕ್ಕದ ಹೆಂಗಸು ಸ್ವಲ್ಪ ಆಚೆ ಸರಿದಳು. ತಿಮ್ಮಪ್ಪ ಆ ದಿನ ಬಂದಿರಲಿಲ್ಲ, ಮತ್ತೆ ಬರಲೂ ಇಲ್ಲ.

ಶುಕ್ರವಾರ ಗಾಯತ್ರಿ ಮನೆಗೆ ಬಂದಳು, ಆಟೋ ನಿಲ್ಲಿಸಿಯೇ. ಅಕ್ಷರ ಕಲಿಸಿದ ಹೆಂಗಸು. ಕೂರಲಿಲ್ಲ. ಲಕ್ಕಿಯ ಎರಡೂ ಕೈ ಹಿಡಿದು, "ಕೆಲವು ವಾರ ಮನೆಯಲ್ಲೇ ಪ್ರಾರ್ಥನೆ ಮಾಡ್ಕೊಳ್ಳಿ. ನಿಮ್ಮವರನ್ನು ನೋಡಿದ್ರೆ ಹೊಸಬರು ಕೇಳ್ತಾರೆ, ಅಯ್ಯನಿಗೆ ಹೇಳೂಕೆ ಕಷ್ಟ ಆಗ್ತದೆ. ಸುದ್ದಿ ಎಲ್ಲ ತಣ್ಣಗಾಗ್ಲಿ," ಅಂದಳು. ಕಣ್ಣಲ್ಲಿ ನೀರಿತ್ತು ಅವಳಿಗೂ.

"ಆತು ಅಮ್ಮಾ. ನೀವು ಹೇಳಿದ್ದು ಸರಿ," ಅಂದಳು ಲಕ್ಕಿ. ಎರಡು ಜಡೆ ಈರುಳ್ಳಿ ತಂದು ಆಟೋದಲ್ಲಿಟ್ಟಳು. ದುರ್ಗ ಆಗ ಹಿತ್ತಿಲಿನಲ್ಲಿ ಬೆರಳಿನಲ್ಲೇ ತಡವಿ ಈರುಳ್ಳಿ ಹೆಣೆಯುತ್ತಿದ್ದ. ಅವನಿಗೆ ಅವಳು ಹೇಳಲಿಲ್ಲ.

ಜಯಶ್ರೀಗೆ ಅದು ಹೇಗೋ ಮುಟ್ಟಿತು. ಶನಿವಾರ ಫೋನು ಬಂತು.

"ಸಭೆಗೆ ಬರ್ಬೇಡಿ ಅಂದ್ರಂತೆ?"

"ಯಾರು ಹೇಳಿದ್ದು? ಅಪ್ಪನಿಗೆ ಬಸ್ಸು ಹತ್ತಿ ಇಳಿಯೂಕೆ ತ್ರಾಸು. ಅದಕ್ಕೇ ಹೋಗೂದಿಲ್ಲ."

"ಇಷ್ಟಾದ ಮೇಲೂ ಅಮ್ಮ?"

"ಇಷ್ಟಾದ ಮೇಲೂ ಅಂದ್ರೆ ಎಂತ? ಅವರು ಒಂದೂ ಸುಳ್ಳು ಹೇಳ್ಲಿಲ್ಲ. ನೀ ಬೇಕಾದ್ರೆ ಇದನ್ನೂ ಗ್ರೂಪಿಗೆ ಹಾಕು."

ಮಗಳು ಫೋನು ಇಟ್ಟಳು. ಮುಂದಿನ ಎರಡನೇ ಶನಿವಾರ ಅವಳು ಬರಲಿಲ್ಲ. ತರಬೇಕಾದ ಬಾಟ್ಲಿಯೂ ಇನ್ನಿರಲಿಲ್ಲ.

ಫೋನು ಬಂದ ಮರುದಿನವೇ ಭಾನುವಾರ. ದುರ್ಗ ಬೆಳಿಗ್ಗೆ ಬೇಗ ಮಿಂದು, ಗೋಡೆ ಹಿಡಿದು ಬಂದು, ಬಿಳಿ ಅಂಗಿ ಕೇಳಿ ಹಾಕಿಕೊಂಡ. ಗುಂಡಿಗಳನ್ನು ತಾನೇ ಹಾಕಿಕೊಂಡು ಜಗಲಿಯ ತುದಿಯಲ್ಲಿ ಕೂತ. ಲಕ್ಕಿ ಒಳಗೆ ಒಲೆಯ ಎದುರು ಇದ್ದಳು.

"ಹೊತ್ತಾತಲ್ಲ. ಹೊರಡೂದಿಲ್ವ?"

ಲಕ್ಕಿ ಬಾಗಿಲಿಗೆ ಬಂದು ನಿಂತಳು. "ಇವತ್ತು ಬಸ್ಸಿಲ್ಲಂತೆ," ಅಂದಳು.

ಹೇಳಿ ಮುಗಿಸುವುದರೊಳಗೆ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಪ್ರತಿ ಭಾನುವಾರ ಹತ್ತುವ ಮುದುಕ ಮುದುಕಿ ಅಂತ ಡ್ರೈವರ್ ಅವರ ಮನೆಯ ಎದುರೇ ಬಸ್ಸು ನಿಲ್ಲಿಸಿದ. "ಅಜ್ಜಿ, ಬರ್ತ್ರಾ?" ಅಂತ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೂಗಿದ. ಲಕ್ಕಿ ಮಾತಾಡದೆ ಇಲ್ಲ ಅಂತ ಕೈ ಆಡಿಸಿದಳು. ಬಸ್ಸು ಹೊರಟಿತು. ದುರ್ಗ ಮುಖ ತಿರುಗಿಸುತ್ತಾ ಆ ಸದ್ದು ಕುಮಟೆಯ ಕಡೆಗೆ ಹೋಗಿ ಮುಗಿಯುವವರೆಗೂ ಕೇಳಿದ.

"ಹೌದಾ. ಬಸ್ಸಿಲ್ವ," ಅಂದ. ಆಮೇಲೆ ಮೇಲಿನಿಂದ ಒಂದೊಂದೇ ಅಂಗಿಯ ಗುಂಡಿ ಬಿಚ್ಚತೊಡಗಿದ.